ಕರಸ್ಥಲದ ದೇವನೊಡನೆ ನಿತ್ಯದ ಮಾತು

(ಶ್ರೀಮಠದ ಸುವರ್ಣ ಮಹೋತ್ಸವದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಅಪ್ಪಣೆಯಾದ ವಿಷಯದ ಮೇಲೆ ನಾಲ್ಕು ಮಾತುಗಳನ್ನು ಬಿನ್ನವಿಸಿಕೊಳ್ಳುತ್ತೇನೆ. ವಿಷಯವು "ದೇವರೊಡನೆ ಭಕ್ತನ ನಿತ್ಯ ಸಂಬಂಧ" ಎಂಬದು. ನಾನು ಶಾಸ್ತ್ರಜ್ಞನಲ್ಲ, ಬಹುಕಾಲ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವನು. ಶಾಸ್ತ್ರದ ಮಾತನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯ ಮೇಲೆಯೇ ಇದ್ದಾರೆ. ಆದಕಾರಣ ಶಾಸ್ತ್ರವನ್ನು ಅವರಿಗೆ ಬಿಟ್ಟು, ನನ್ನನ್ನು ಅನೇಕ ವರ್ಷ ಕಾಡಿದ ಒಂದು ಪ್ರಶ್ನೆಯಿಂದಲೇ ಆರಂಭಿಸುವೆನು.

ನಾನು ಗುಳೇದಗುಡ್ಡದಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ ನಮ್ಮ ಬಾಡಿಗೆ ಮನೆಯ ಮಗ್ಗುಲಲ್ಲಿ ಖಣ ನೇಯುವ ಒಬ್ಬ ಹಿರಿಯರಿದ್ದರು. ಅವರು ಕ್ರೈಸ್ತರು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಸಂಜೆಗೆ ದೀಪ ಹಚ್ಚಿದ ಮೇಲೆ ಅವರ ಮನೆಯಲ್ಲಿ ಲಾಳಿಯ ಸಪ್ಪಳ ನಿಂತು, ಒಬ್ಬರು ಓದುವ ದನಿಯೂ ಅದರ ಮೇಲೆ ಒಬ್ಬೊಬ್ಬರಾಗಿ ಮೆಲ್ಲನೆ ಮಾತಾಡುವ ದನಿಯೂ ಗೋಡೆಯಾಚೆಯಿಂದ ಕೇಳಿಬರುತ್ತಿದ್ದವು. ಮೊದಮೊದಲು ನಾನು ಮನೆಯವರು ತಮ್ಮೊಳಗೆ ಮಾತಾಡುವರೆಂದು ತಿಳಿದಿದ್ದೆನು. ಕೂಸಿನ ಜ್ವರ, ನೂಲಿನ ಸಾಲ, ಮಗಳ ಪರೀಕ್ಷೆ, ನೆರೆಯವರೊಡನೆ ಆಡಿದ ಬಿರುಸು ಮಾತು, ಇವೇ ಆ ಮಾತಿನ ವಿಷಯಗಳು. ಕೆಲವು ದಿನಗಳ ಮೇಲೆ ತಿಳಿಯಿತು, ಅವರು ಇದನ್ನೆಲ್ಲ ಹೇಳುತ್ತಿದ್ದುದು ದೇವರಿಗೆ.

ಒಂದು ದಿನ ಕಾಕಾ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಂತೆಯೇ ನನ್ನನ್ನು ಕೇಳಿದರು: "ಮಾಸ್ತರ್ರ, ತಪ್ಪ ತಿಳೀಬ್ಯಾಡ್ರಿ. ನಮ್ಮ ದೇವರು ಕಣ್ಣಿಗೆ ಕಾಣಂಗಿಲ್ಲ, ಆದ್ರೂ ನಾವು ದಿನಾ ಅಂವನ ಕೂಡ ಮಾತಾಡ್ತೀವಿ. ನಿಮ್ಮ ದೇವರು ನಿಮ್ಮ ಎದೀಮ್ಯಾಲೇ ಇರ್ತಾನ. ನೀವು ದಿನಾ ಅಂವನ ಕೂಡ ಏನ್ ಮಾತಾಡ್ತೀರಿ?"

ನನಗೆ ಉತ್ತರ ತೋಚಲಿಲ್ಲ. ಆ ಕಾಲಕ್ಕೆ ನನ್ನ ಲಿಂಗವು ಎದೆಯ ಮೇಲೂ ಇರಲಿಲ್ಲ. ಬೆಳ್ಳಿಯ ಕರಡಿಗೆಯಲ್ಲಿ ಮನೆಯ ದೇವರ ಜಗಲಿಯ ಮೇಲೆ ಇತ್ತು. ಹಬ್ಬಕ್ಕೊಮ್ಮೆ ಹುಣಸೇಹಣ್ಣು ಹಚ್ಚಿ ಕರಡಿಗೆಯನ್ನು ಬೆಳಗುತ್ತಿದ್ದೆವು. ಈ ಸಭೆಯಲ್ಲಿ ಇದನ್ನು ಒಪ್ಪಿಕೊಳ್ಳುವದಕ್ಕೆ ನನಗೆ ನಾಚಿಕೆಯಾಗುತ್ತದೆ. ಆದರೆ ನನ್ನಂಥವರು ಇಲ್ಲಿ ನಾನೊಬ್ಬನೇ ಅಲ್ಲವೆಂಬ ಅನುಮಾನವೂ ನನಗುಂಟು.

ಆ ನೇಕಾರರ ಮನೆಗೆ ಈ ರೂಢಿ ಎಲ್ಲಿಂದ ಬಂದಿತೆಂಬದನ್ನು ತಿಳಿದುಕೊಳ್ಳಬೇಕೆಂದು ನಾನು ಆಮೇಲೆ ಕೆಲವು ಪುಸ್ತಕಗಳನ್ನು ಓದಿದೆನು. ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡವನ್ನು ಸೇರಿ, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಮಾಡಿದರು. ಕನ್ನಡ ನಿಘಂಟನ್ನು 1894ರಲ್ಲಿ ಮುದ್ರಿಸಿಕೊಟ್ಟ ಕಿಟೆಲ್ ಪಂಡಿತರು ಈ ಸಂಸ್ಥೆಯವರೇ. ಇವರಲ್ಲಿ ಕೆಲವರು ನಮ್ಮ ಲಿಂಗಪೂಜೆಯನ್ನು ಕಲ್ಲಿನ ಪೂಜೆಯೆಂದು ಹಳಿದದ್ದೂ ನಿಜ, ಅದಕ್ಕೆ ನಮ್ಮವರು ಬಿಸಿಯಾಗಿ ಉತ್ತರ ಕೊಟ್ಟದ್ದೂ ನಿಜ. ಆ ಹಳೆಯ ಜಗಳವನ್ನು ಕೆದಕುವದು ನನ್ನ ಉದ್ದೇಶವಲ್ಲ. ಅವರಲ್ಲಿಯೇ ವ್ಯೂರ್ಥ ಎಂಬ ಪಾದ್ರಿಯು ನಮ್ಮ ಬಸವಪುರಾಣ, ಚನ್ನಬಸವಪುರಾಣಗಳ ಸಾರವನ್ನು ಇಂಗ್ಲಿಷಿಗೆ ತಿರುಗಿಸಿ 1860ರ ದಶಕದಲ್ಲಿ ಮುಂಬಯಿಯ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು. ನಮ್ಮ ಪುರಾಣಗಳನ್ನು ನಾವು ಗಂಟು ಕಟ್ಟಿ ಇಟ್ಟಿದ್ದ ಕಾಲದಲ್ಲಿ ಅನ್ಯಮತದವನೊಬ್ಬನು ಅವುಗಳನ್ನು ಕುಳಿತು ಓದಿದನೆಂಬದನ್ನು ಮರೆಯಬಾರದು.

ಈ ಸಂಸ್ಥೆಯು 1815ರಲ್ಲಿ ಹುಟ್ಟಿದ್ದು. ಅದರ ಹಿಂದೆ ಜರ್ಮನ ದೇಶದಲ್ಲಿ ನಡೆದ ಒಂದು ಭಕ್ತಿಯ ಚಳವಳಿಯಿತ್ತು. 17ನೆಯ ಶತಮಾನದಲ್ಲಿ ಅಲ್ಲಿಯ ಕ್ರೈಸ್ತರಲ್ಲಿ ಧರ್ಮವೆಂಬದು ಬಹುಮಟ್ಟಿಗೆ ಪಂಡಿತರ ವಾದವಾಗಿತ್ತು. ಜನರು ರವಿವಾರ ಗುಡಿಗೆ ಹೋಗಿ ಕುಳಿತು ಬರುವರು. ಮನೆಯಲ್ಲಿ ದೇವರ ಸುಳಿವಿರದು. ಆಗ ಸ್ಪೆನರ್ ಎಂಬ ಪಾದ್ರಿಯು 1675ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು, ಧರ್ಮವು ವಾದದಲ್ಲಿಲ್ಲ, ನಡತೆಯಲ್ಲಿದೆ. ಸಾಮಾನ್ಯ ಜನರೂ ಮನೆಗಳಲ್ಲಿ ಕೂಡಿ ಗ್ರಂಥವನ್ನು ತಾವೇ ಓದಿ ತಾವೇ ಪ್ರಾರ್ಥಿಸಬೇಕೆಂದು ಹೇಳಿದನು. ಮುಂದೆ ಹೆರ್ನ್‌ಹೂಟ್ ಎಂಬ ಹಳ್ಳಿಯಲ್ಲಿ 1728ರಲ್ಲಿ ಮತ್ತೊಂದು ಪದ್ಧತಿ ಹುಟ್ಟಿತು. ದಿನಕ್ಕೊಂದು ವಾಕ್ಯವನ್ನು ಆರಿಸಿ, ಆ ದಿನವೆಲ್ಲ ಅದನ್ನು ಬುತ್ತಿಯಂತೆ ಕಟ್ಟಿಕೊಂಡು ಹೋಗುವದು. 1731ರಿಂದ ಆ ವಾಕ್ಯಗಳ ಪುಸ್ತಕವು ಪ್ರತಿ ವರ್ಷವೂ ಮುದ್ರಣವಾಗುತ್ತ ಬಂದು ಇಂದಿಗೂ ನಿಂತಿಲ್ಲ. ಯೇಸುವು ತನ್ನ ಶಿಷ್ಯರಿಗೆ, ನಾಲ್ಕು ಜನ ನೋಡಲೆಂದು ಬೀದಿಯಲ್ಲಿ ನಿಂತು ಪ್ರಾರ್ಥಿಸಬೇಡಿರಿ, ಕೋಣೆಯ ಬಾಗಿಲು ಹಾಕಿಕೊಂಡು ಗುಪ್ತವಾಗಿ ತಂದೆಯೊಡನೆ ಮಾತಾಡಿರಿ ಎಂದು ಕಲಿಸಿದ್ದನು. ಅದನ್ನೇ ಈ ಜನರು ಮರಳಿ ಹಿಡಿದರು. ಅವರ ಪಾದ್ರಿಗಳು ಗುಳೇದಗುಡ್ಡಕ್ಕೆ ಬರುವಾಗ ಆ ರೂಢಿಯನ್ನೂ ತಂದರು. ಕಾಕಾರವರ ಮನೆಯ ಸಂಜೆಯ ಮಾತಿಗೆ ಇಷ್ಟು ಉದ್ದದ ಬೇರುಂಟು.

ಇದನ್ನೆಲ್ಲ ಓದಿ ಮುಗಿಸಿದಾಗ ನನಗೆ ಬೆರಗಾದದ್ದು ಅವರ ವಿಷಯಕ್ಕಲ್ಲ, ನಮ್ಮ ವಿಷಯಕ್ಕೆ. ಸ್ಪೆನರನು ಹೇಳುವದಕ್ಕೆ ಐದು ನೂರು ವರ್ಷ ಮೊದಲೇ, ಇದೇ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರು ಇದಕ್ಕಿಂತಲೂ ದಿಟ್ಟವಾದ ಕೆಲಸವನ್ನು ಮಾಡಿದ್ದರು. ಗುಡಿಯೊಳಗಿನ ದೇವರನ್ನು ನೋಡಬೇಕಾದರೆ ಪೂಜಾರಿಯ ಕೈ ಕಾಯಬೇಕು, ಜಾತಿ ಹೇಳಬೇಕು, ಹೊತ್ತು ನೋಡಬೇಕು. ಅಂಥ ದೇವರನ್ನು ಅವರು ಅಂಗೈಗೆ ತಂದುಕೊಟ್ಟರು. ನಡುವಿನವರು ಯಾರೂ ಉಳಿಯಲಿಲ್ಲ. ಗಂಡಸು, ಹೆಂಗಸು, ಮಡಿವಾಳ, ಅಂಬಿಗ, ಸಮಗಾರ, ಹಗ್ಗ ಹೊಸೆಯುವವನು, ಯಾರೇ ಆಗಲಿ ಎಡಗೈಯಲ್ಲಿ ಲಿಂಗವನ್ನಿಟ್ಟು ಕಣ್ಣಲ್ಲಿ ಕಣ್ಣಿಟ್ಟು ನೋಡಬಹುದಾಯಿತು. ಬಾಗಿಲು ಹಾಕಿಕೊಂಡು ಕೋಣೆಯಲ್ಲಿ ಕೂಡ್ರಬೇಕೆಂದು ಯೇಸುವು ಹೇಳಿದರೆ, ನಮ್ಮ ಶರಣರು ಅಂಗೈಯನ್ನೇ ಕೋಣೆಯಾಗಿ ಮಾಡಿದರೆನ್ನಬಹುದು.

ಇನ್ನೊಂದು ಸಂಗತಿಯನ್ನು ಲಕ್ಷಕ್ಕೆ ತರುತ್ತೇನೆ. ವಚನಗಳ ಕೊನೆಗೆ ಬರುವ ಅಂಕಿತವನ್ನು ನಾವು ಸಹಿಯೆಂದು ಶಾಲೆಯಲ್ಲಿ ಕಲಿಸುತ್ತೇವೆ. ನಾನೂ ಹಾಗೆಯೇ ಕಲಿಸಿದೆನು. ಅದು ತಪ್ಪು. ಸಹಿಯೆಂದರೆ ಬರೆದವನ ಹೆಸರು. ಅಂಕಿತವಾದರೋ ಬಹುಮಟ್ಟಿಗೆ, ಯಾರನ್ನು ಉದ್ದೇಶಿಸಿ ಮಾತಾಡಿದೆಯೋ ಅವನ ಹೆಸರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ, ನೇಕಾರ ದಾಸಿಮಯ್ಯನಿಗೆ ರಾಮನಾಥ. ಎಲ್ಲರ ಅಂಗೈಯಲ್ಲಿ ಇದ್ದದ್ದು ಒಂದೇ ತೆರನಾದ ಲಿಂಗ, ಆದರೆ ಒಬ್ಬೊಬ್ಬರು ಕರೆದ ಹೆಸರು ಬೇರೆ. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದಾಗಲೂ, ತಾವು ಬಾಲ್ಯದಲ್ಲಿ ಕಂಡ, ಕೃಷ್ಣೆ ಮಲಪಹಾರಿಗಳು ಕೂಡುವ ಆ ಊರಿನ ದೇವರ ಹೆಸರನ್ನೇ ಹಿಡಿದು ಕರೆದರು. ತಾಯಿಯ ಮನೆಯ ಹೆಸರಿನಿಂದ ಕರೆದಂತೆ ಇದು. ಬೈದರೂ ಆ ಹೆಸರಿನಿಂದಲೇ, ಅತ್ತರೂ ಆ ಹೆಸರಿನಿಂದಲೇ. ಅವರ ವಚನಗಳೆಂದರೆ ದೇವರೊಡನೆ ಆಡಿದ ನಿತ್ಯದ ಮಾತುಗಳೇ. ನಾವು ಅವುಗಳನ್ನು ಬಾಯಿಪಾಠ ಮಾಡಿ ಸ್ಪರ್ಧೆಯಲ್ಲಿ ಬಹುಮಾನ ಪಡೆಯುತ್ತೇವೆ. ಅವರು ಮಾತಾಡಿದರೆಂದು ನಾವು ಮಾತು ಬಿಟ್ಟಿದ್ದೇವೆ.

ನನ್ನ ಅವ್ವನು ಓದುಬರಹ ಬಲ್ಲವಳಲ್ಲ. ಅವಳು ಬೆಳಗಾಗುವ ಮೊದಲೇ ಮೈತೊಳೆದು, ವಿಭೂತಿ ಧರಿಸಿ, ಒಲೆಯ ಹತ್ತಿರದ ಮಣೆಯ ಮೇಲೆ ಕುಳಿತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ಮಾತಾಡುವಳು. ಮಂತ್ರವು ಎರಡೇ ನಿಮಿಷ. ಆಮೇಲೆ, "ಮಳಿ ಹೋತಲ್ಲೋ ಎಪ್ಪಾ, ಜ್ವಾಳ ಒಣಗಾಕತ್ಯಾವು, ನೀ ಏನ್ ಮಾಡಾಕತ್ತಿ?" ಎಂದು ಜಗಳಕ್ಕೆ ಆರಂಭ. ಎಮ್ಮೆ ಈದದ್ದು, ಸೊಸೆಯು ಮುನಿಸಿಕೊಂಡು ತವರಿಗೆ ಹೋದದ್ದು, ತಾನು ಆಕೆಗೆ ಆಡಿದ ಮಾತು ಹೆಚ್ಚಾದದ್ದು, ಎಲ್ಲವೂ ಅಲ್ಲಿ ವರದಿಯಾಗುತ್ತಿದ್ದವು. ಕಾಲೇಜು ಓದುತ್ತಿದ್ದ ನನಗೆ ಗೆಳೆಯರು ಮನೆಗೆ ಬಂದಾಗ ಇದರಿಂದ ಮಾನ ಹೋದಂತಾಗುತ್ತಿತ್ತು. ಮೆಲ್ಲಗೆ ಮಾಡು ಎಂದು ಒಮ್ಮೆ ಗದರಿಸಿದೆನು. "ಅಂವಗ ಕಿವಿ ಮಂದ ಐತಿ, ಜೋರಾಗೇ ಹೇಳ್ಬೇಕು" ಎಂದು ನಕ್ಕಳು.

ಅವಳು ಲಿಂಗೈಕ್ಯಳಾದಾಗ ಪದ್ಧತಿಯಂತೆ ಸಮಾಧಿಯಲ್ಲಿ ಕುಳ್ಳಿರಿಸಿ, ಎಡಗೈಯಲ್ಲಿ ಅವಳ ಲಿಂಗವನ್ನಿಟ್ಟರು. ಬದುಕಿನುದ್ದಕ್ಕೂ ಮಾತಾಡಿದವನೊಡನೆ ಅವಳನ್ನು ಕಳಿಸಿಕೊಟ್ಟೆವು. ಆಗ ನನಗೆ ಕಾಕಾರವರ ಪ್ರಶ್ನೆಯು ನೆನಪಾಯಿತು. ನನ್ನ ಕೈಯಲ್ಲಿಯೂ ಒಂದು ದಿನ ಜನರು ಒಂದು ಲಿಂಗವನ್ನು ಇಡುವರು. ನಾನು ಒಂದು ಮಾತನ್ನೂ ಆಡದಿದ್ದ ಪರಕೀಯನೊಡನೆ ನನ್ನನ್ನು ಮಣ್ಣಿನಲ್ಲಿ ಕೂಡ್ರಿಸುವರಲ್ಲಾ ಎಂಬ ವಿಚಾರವು ಆ ದಿನ ನನ್ನನ್ನು ನಡುಗಿಸಿತು. ಮರುದಿನ ಜಗಲಿಯ ಮೇಲಿನಿಂದ ಲಿಂಗವನ್ನು ತೆಗೆದುಕೊಂಡೆನು. ಶ್ರೀಮಠಕ್ಕೆ ಬಂದು ಶ್ರೀಗಳವರಲ್ಲಿ ತಪ್ಪೊಪ್ಪಿಕೊಂಡು ಮರಳಿ ಧರಿಸಿದೆನು.

ಧರಿಸಿದ ಮಾತ್ರಕ್ಕೆ ಮಾತು ಬರಲಿಲ್ಲವೆಂಬದನ್ನೂ ಹೇಳಬೇಕು. ಮೊದಲನೆಯ ಆರು ತಿಂಗಳು ನಾನು ಲಿಂಗವನ್ನು ಹಿಡಿದು ಸುಮ್ಮನೆ ಕುಳಿತೆನು. ಮನಸ್ಸು ಬಜಾರದಲ್ಲಿ, ಕಿವಿಯು ಫೋನಿನಲ್ಲಿ. ಬಹಳ ದಿನ ಮಾತು ಬಿಟ್ಟ ಬಂಧುವಿನ ಮನೆಗೆ ಹೋದರೆ ಏನು ಮಾತಾಡಬೇಕೆಂದು ತಿಳಿಯದೆ ಗೋಡೆಯ ಮೇಲಿನ ಕ್ಯಾಲೆಂಡರನ್ನು ನೋಡುತ್ತೇವಲ್ಲವೇ, ಹಾಗಾಯಿತು. ಆದರೂ ಅದೇ ಹೊತ್ತಿಗೆ, ಅದೇ ಮಣೆಯ ಮೇಲೆ ಕೂಡ್ರುವದನ್ನು ಬಿಡಲಿಲ್ಲ. ಈ ಹಟವನ್ನು ನಾನು ಕಾಕಾರವರ ಮನೆಯಿಂದ ಕಲಿತೆನು. ಅವರಲ್ಲಿ ಮನಸ್ಸು ಬಂದಾಗ ಪ್ರಾರ್ಥನೆ ಎಂಬದಿಲ್ಲ. ದೀಪ ಹಚ್ಚಿದ ಮೇಲೆ ಪ್ರಾರ್ಥನೆ.

ಇದಕ್ಕೆ ಕೆಲವರು, ನಮಗೆ ಹೊತ್ತೆಲ್ಲಿ ಎನ್ನುವರು. ಬಾದಾಮಿಯ ಸಮೀಪದ ಶಿವಯೋಗಮಂದಿರದಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳವರು 1909ರಲ್ಲಿ ಆರಂಭಿಸಿದ ಕ್ರಮದಂತೆ ಮಲಪ್ರಭೆಯ ದಂಡೆಯ ಮೇಲೆ ವಟುಗಳು ಪೂಜೆ, ಯೋಗ, ಅಧ್ಯಯನಗಳಲ್ಲಿ ದಿನವನ್ನು ಕಳೆಯುತ್ತಾರೆ. ಅಲ್ಲಿಯ ವಿಭೂತಿಯನ್ನು ನಾವೂ ಹಣೆಗೆ ಹಚ್ಚುತ್ತೇವೆ. ಸಂಸಾರಸ್ಥನಿಗೆ, ಅದರಲ್ಲಿಯೂ ಮಗ್ಗದವನಿಗೆ, ಒಕ್ಕಲಿಗನಿಗೆ ಅಷ್ಟು ವಿರಾಮವಿಲ್ಲವೆಂಬದು ಸರಿಯೇ. ಆದರೆ ನುಲಿಯ ಚಂದಯ್ಯನ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಹುಲ್ಲು ಕೊಯ್ಯುವಾಗ ಲಿಂಗವು ಕೊರಳಿಂದ ಜಾರಿ ನೀರಿಗೆ ಬಿದ್ದರೂ ಆತನು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗಯ್ಯನೇ ಬೆನ್ನು ಹತ್ತಿ ಬಂದನು. ಕಡೆಗೆ ಮಡಿವಾಳ ಮಾಚಯ್ಯನು ನಡುವೆ ಬಂದು ಇಬ್ಬರ ಜಗಳವನ್ನು ಬಿಡಿಸಬೇಕಾಯಿತು. ಈ ಕಥೆಯನ್ನು ಕಾಯಕವು ಹೆಚ್ಚು, ಪೂಜೆ ಕಡಿಮೆ ಎಂಬುದಕ್ಕೆ ಉದಾಹರಣೆಯಾಗಿ ಹೇಳುವ ವಾಡಿಕೆಯುಂಟು. ನನಗೆ ಹಾಗೆ ಕಾಣುವದಿಲ್ಲ. ಹೀಗೆ ಮುನಿಸಿಕೊಂಡು ಬೆನ್ನು ತಿರುಗಿಸಿ ಹೋಗಬೇಕಾದರೆ, ಬೆನ್ನಟ್ಟಿಸಿಕೊಳ್ಳಬೇಕಾದರೆ, ಅವರಿಬ್ಬರಲ್ಲಿ ಎಷ್ಟು ಸಲುಗೆಯಿರಬೇಕು! ಪರಿಚಯವಿಲ್ಲದವನೊಡನೆ ಯಾರೂ ಮುನಿಯುವದಿಲ್ಲ.

ಕ್ರೈಸ್ತರಲ್ಲಿಯೂ ಇಂಥವನೊಬ್ಬನಿದ್ದನು. 17ನೆಯ ಶತಮಾನದಲ್ಲಿ ಪ್ಯಾರಿಸ್ ನಗರದ ಮಠವೊಂದರಲ್ಲಿ ಲಾರೆನ್ಸನೆಂಬ ಸಹೋದರನು ಅಡಿಗೆಯ ಕೆಲಸಕ್ಕಿದ್ದನು. ಮೊದಲು ಸಿಪಾಯಿಯಾಗಿದ್ದವನು, ಪಂಡಿತನಲ್ಲ. ಬೋಗುಣಿಗಳ ಸಪ್ಪಳದ ನಡುವೆ ನಾಲ್ಕು ಜನ ನಾಲ್ಕು ಕಡೆಯಿಂದ ಕೂಗುತ್ತಿರುವಾಗಲೂ ಪೂಜೆಯ ಹೊತ್ತಿನಲ್ಲಿ ಇದ್ದಂತೆಯೇ ದೇವರ ಸನ್ನಿಧಿಯಲ್ಲಿ ಇರುವ ಅಭ್ಯಾಸವನ್ನು ಅವನು ಮಾಡಿಕೊಂಡಿದ್ದನು. ಅವನು 1691ರಲ್ಲಿ ತೀರಿಕೊಂಡ ಮೇಲೆ ಅವನ ಮಾತುಗಳೂ ಪತ್ರಗಳೂ ಪುಸ್ತಕವಾಗಿ ಬಂದವು. ಅದನ್ನು ಓದುವಾಗ ನಮ್ಮ ಯಾವನೋ ಒಬ್ಬ ಶರಣನ ದಾಸೋಹದ ಮನೆಯನ್ನು ಹೊಕ್ಕಂತಾಗುತ್ತದೆ.

ಇಳಕಲ್ಲಿನ ಸೀರೆಯನ್ನು ನೇಯುವವರು ಈ ಸಭೆಯಲ್ಲಿ ಬಹಳ ಜನರಿದ್ದೀರಿ. ನಿಮಗೆ ನಾನು ಹೇಳುವದು ಅಧಿಕಪ್ರಸಂಗವೇ ಸರಿ. ಒಡಲಿನ ಹಾಸು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಹೊಲಿಗೆಯಿಂದ ಕೂಡಿಸುವದಿಲ್ಲ; ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕುತ್ತಾರೆ, ಒಂದೊಂದಾಗಿ. ಸಾವಿರಾರು ಎಳೆಗಳಲ್ಲಿ ನಾಲ್ಕನ್ನು ಬಿಟ್ಟರೂ ಸೆರಗು ಅಲ್ಲಿ ಸೀಳುತ್ತದೆ. ಒಬ್ಬ ಹೆಣ್ಣುಮಗಳು ಕೊಂಡಿ ಹಾಕುತ್ತ ಕುಳಿತಿದ್ದುದನ್ನು ನಾನು ಒಮ್ಮೆ ಬಹಳ ಹೊತ್ತು ನೋಡಿದೆನು. ತುಟಿಗಳು ಅಲುಗುತ್ತಿದ್ದವು. ಎಣಿಸುತ್ತೀಯಾ ತಾಯಿ ಎಂದು ಕೇಳಿದರೆ, "ಇಲ್ಲರಿ, ಶಿವಾ ಅನ್ನಾಕತ್ತೀನಿ" ಎಂದಳು. ಹೊತ್ತಿಲ್ಲವೆನ್ನುವವರು ಆಕೆಯನ್ನು ಕೇಳಬೇಕು.

ಅದೇ ಇಳಕಲ್ಲಿನ ಮಠದ ಡಾ. ಮಹಾಂತ ಸ್ವಾಮಿಗಳವರು 1970ರ ದಶಕದಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಲು ಹೊರಟರು. ಜೋಳಿಗೆಯಲ್ಲಿ ಅವರು ಬೇಡಿದ್ದು ಕಾಳನ್ನಲ್ಲ, ಹಣವನ್ನಲ್ಲ, ಜನರ ದುಶ್ಚಟಗಳನ್ನು. 2018ರಲ್ಲಿ ಅವರು ಲಿಂಗೈಕ್ಯರಾಗುವವರೆಗೆ ಆ ಜೋಳಿಗೆಯು ಕೆಳಗಿಳಿಯಲಿಲ್ಲ. ಆ ಜೋಳಿಗೆಗೆ ಸೆರೆಯನ್ನು ಹಾಕಿದ ಒಬ್ಬಾತನು ನನಗೆ ಹೇಳಿದ ಮಾತಿದು: ಬಿಟ್ಟದ್ದು ಕಠಿಣವಾಗಲಿಲ್ಲ, ಸಂಜೆ ಏಳರ ಹೊತ್ತನ್ನು ಏನು ಮಾಡಬೇಕೆಂಬದು ಕಠಿಣವಾಯಿತು. ಕಾಲು ತಾವೇ ಆ ಅಂಗಡಿಯ ಕಡೆಗೆ ತಿರುಗುತ್ತಿದ್ದವು. ಕಡೆಗೆ ಅವನು ಆ ಹೊತ್ತಿಗೇ ಲಿಂಗವನ್ನು ಹಿಡಿದು ಕೂಡ್ರಲು ಆರಂಭಿಸಿದನು. ಬರಿದಾದ ಹೊತ್ತು ಬರಿದಾಗಿಯೇ ಉಳಿಯುವದಿಲ್ಲ; ಯಾರಾದರೂ ಬಂದು ಕೂಡ್ರುತ್ತಾರೆ.

ಬಾಗಲಕೋಟೆಯವರು ಈ ಸಂಬಂಧವಾಗಿ ಒಂದು ಸಂಗತಿಯನ್ನು ಬಲ್ಲರು. ಆಲಮಟ್ಟಿಯ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಎಷ್ಟೋ ಓಣಿಗಳು ಮುಳುಗಡೆಯಾಗಿ ಜನರು ನವನಗರಕ್ಕೆ ಹೋಗಬೇಕಾದಾಗ, ತಲೆತಲಾಂತರದ ಮನೆಗಳನ್ನೂ ಜಗಲಿಗಳನ್ನೂ ಬಿಟ್ಟು ಹೋದರು. ಅತ್ತ ಕೂಡಲಸಂಗಮದಲ್ಲಿ ನಾರಾಯಣಪುರ ಜಲಾಶಯದ ನೀರು ಏರುವದೆಂದು ಬಸವಣ್ಣನವರ ಐಕ್ಯಸ್ಥಳದ ಸುತ್ತಲೂ ಬಾವಿಯಂತೆ ಗೋಡೆ ಕಟ್ಟಬೇಕಾಯಿತು. ಕಟ್ಟಿದ ಸ್ಥಾವರಕ್ಕೆ ಇಷ್ಟೆಲ್ಲ ಕಷ್ಟ. ಆದರೆ ಲಿಂಗ ಧರಿಸಿದ ಮುದುಕಿಯೊಬ್ಬಳು ತನ್ನ ದೇವರನ್ನು ಹೊಸ ಊರಿಗೆ ಸಾಗಿಸಲು ಗಾಡಿ ಹೂಡಲಿಲ್ಲ, ಮುಹೂರ್ತ ಕೇಳಲಿಲ್ಲ. ತಾನು ನಡೆದಳು, ದೇವರೂ ನಡೆದನು.

ಎರಡು ಮತಗಳಲ್ಲಿ ಭೇದವೇ ಇಲ್ಲವೆಂದು ನಾನು ಹೇಳುವವನಲ್ಲ. ಅವರಿಗೆ ದೇವರು ತಂದೆ, ತಾವು ಮಕ್ಕಳು. ಆ ಅಂತರವು ಕೊನೆಯವರೆಗೂ ಉಳಿಯುವದು. ನಮ್ಮಲ್ಲಿ ಭಕ್ತಸ್ಥಲದಿಂದ ಹೊರಟವನು ಐಕ್ಯಸ್ಥಲಕ್ಕೆ ಹೋಗಿ ಮುಟ್ಟಬೇಕು. ಮಾತಾಡುವವನೂ ಕೇಳುವವನೂ ಕಡೆಗೆ ಎರಡಾಗಿ ಉಳಿಯರು. ಹಾಗೆಂದು ಐಕ್ಯದ ಮಾತನ್ನು ಮೊದಲನೆಯ ಮೆಟ್ಟಿಲಿನ ಮೇಲೆಯೇ ಆಡುತ್ತ, ನಾನೇ ಅವನಾದ ಮೇಲೆ ಪೂಜೆ ಯಾತಕ್ಕೆ ಎಂದು ಕೇಳುವ ವಿದ್ವಾಂಸರನ್ನು ಕಂಡರೆ ನನಗೆ ಸಮಾಧಾನವಾಗುವದಿಲ್ಲ. ಮದುವೆಯಾಗದವನು ಸಂಸಾರದಲ್ಲಿ ಬೇಸತ್ತೆನೆಂದು ಹೇಳಿದಂತೆ ಅದು.

ಒಂದು ವಿಷಯದಲ್ಲಿ ಮಾತ್ರ ನಾವು ಅವರಿಂದ ಕಲಿಯಬೇಕೆಂದು ನನಗೆ ತೋರುತ್ತದೆ. ಕಾಣಿಕೆಯನ್ನು ತೆಗೆದುಕೊಂಡು ದೇವರ ಮುಂದೆ ನಿಂತಾಗ ಸಹೋದರನೊಡನೆ ಜಗಳವಿರುವದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಕೂಡಿಕೋ, ಆಮೇಲೆ ಬಾ ಎಂದು ಯೇಸುವು ಹೇಳಿದನು. ಇದು ನಮ್ಮಲ್ಲಿಲ್ಲವೆಂದಲ್ಲ, ಜಂಗಮನನ್ನು ನೋಯಿಸಿ ಲಿಂಗವನ್ನು ಪೂಜಿಸಿದರೆ ಫಲವಿಲ್ಲವೆಂದು ನಮ್ಮವರೂ ಸಾರಿದರು. ಆಯ್ದಕ್ಕಿ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಮರಳಿ ಸುರಿದು ಬಾ ಎಂದು ಕಳಿಸಿದಳು. ಆದರೆ ನಮ್ಮ ಪೂಜೆಯ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ನಾವು ದಿನಾಲು ಕೇಳಿಕೊಳ್ಳುವದಿಲ್ಲ. ಬದುವಿನ ತಂಟೆಗಾಗಿ ಕೋರ್ಟಿಗೆ ಹೋಗುವವನು ಅದೇ ಬೆಳಿಗ್ಗೆ ತ್ರಿಪುಂಡ್ರ ಧರಿಸಿ, ಸುಳ್ಳು ಸಾಕ್ಷಿಯವನಿಗೂ ವಿಭೂತಿ ಹಚ್ಚಿ ಕರೆದೊಯ್ಯುವದನ್ನು ನಮ್ಮ ಸೀಮೆಯಲ್ಲಿ ನೋಡುತ್ತೇವೆ.

ಇತರರನ್ನು ಹೇಳಿ ನನ್ನನ್ನು ಬಿಡಲಾರೆ. ನನಗೂ ನನ್ನ ತಮ್ಮನಿಗೂ ಎರಡು ಎಕರೆ ಎರೆಹೊಲದ ಸಲುವಾಗಿ ಒಂಬತ್ತು ವರ್ಷ ಮಾತಿರಲಿಲ್ಲ. ಪೂಜೆಗೆ ಕುಳಿತು ಆರು ತಿಂಗಳು ಕಳೆದ ಮೇಲೆ, ಒಂದು ಮುಂಜಾನೆ ಮೊದಲನೆಯ ಮಾತು ಬಾಯಿಗೆ ಬಂದಿತು. ಅದು ಮಂತ್ರವಾಗಿರಲಿಲ್ಲ, ತಮ್ಮನ ಹೆಸರಾಗಿತ್ತು. ಅವನನ್ನು ಮನಬಂದಂತೆ ಬೈದು ದೇವರಿಗೆ ದೂರು ಹೇಳಿದೆನು. ಅವ್ವನಂತೆಯೇ ಜೋರಾಗಿ ಹೇಳಿದೆನು. ನಾಲ್ಕಾರು ದಿನ ಹೀಗೆಯೇ ದೂರಿದ ಮೇಲೆ, ದೂರಿನಲ್ಲಿ ನನ್ನ ಪಾಲು ಎಷ್ಟೆಂಬದು ನನಗೇ ಕೇಳಿಸತೊಡಗಿತು.

ಆ ವರ್ಷ ರಜೆಯಲ್ಲಿ ಗುಳೇದಗುಡ್ಡಕ್ಕೆ ಹೋಗಿದ್ದಾಗ ಕಾಕಾರವರಿಗೆ, "ನಿಮ್ಮ ಪ್ರಶ್ನೆಗೆ ಈಗ ಉತ್ತರ ಹೇಳ್ತೀನ್ರಿ ಕಾಕಾ, ತಮ್ಮನ ಮ್ಯಾಲ ಚಾಡಿ ಹೇಳೀನಿ" ಎಂದೆನು. ಅವರು ಲಾಳಿಯನ್ನು ನಿಲ್ಲಿಸಿ, "ಅಂವ ಏನಂದ?" ಎಂದು ಕೇಳಿದರು.

ಮರುವಾರ ತಮ್ಮನ ಮನೆಗೆ ಹೋದೆನು. ಬಾಗಿಲಲ್ಲಿ ಅವನ ಹೆಂಡತಿಯು ನನ್ನನ್ನು ಕಂಡು ಸೆರಗು ಹೊದ್ದುಕೊಂಡು, "ಭಾವಾರು ಬಂದಾರ್ರೀ" ಎಂದು ಒಳಗೆ ಕೂಗಿದಳು. ತಮ್ಮನು ಎದ್ದು ಬಂದು ಚೊಂಬಿನಲ್ಲಿ ನೀರು ಕೊಟ್ಟನು. ಹೊಲದ ಮಾತನ್ನು ಆ ದಿನ ಇಬ್ಬರೂ ಎತ್ತಲಿಲ್ಲ. ರೊಟ್ಟಿ ಉಂಡು, ಅವ್ವನ ವಿಷಯವಾಗಿ ಬಹಳ ಹೊತ್ತು ಮಾತಾಡಿದೆವು. ವ್ಯಾಜ್ಯವು ಇನ್ನೂ ಪೂರ್ತಿ ತೀರಿಲ್ಲ, ಅಳತೆಯವರು ಬರಬೇಕಾಗಿದೆ. ಅವನು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ.